ಗೃಹಹಿತ: ಗರ್ಭನಿರೋಧಕ ಮಾತ್ರೆಯ ವಿಚಾರ

ಈ ಪುಟದಲ್ಲಿ ನಾವು ಇದುವರೆಗೆ ಕುಡಿಯುವ ನೀರು, ಮಕ್ಕಳ ಊಟ, ವೃದ್ಧರ ನಿದ್ರೆ ಮೊದಲಾದ ವಿಷಯಗಳನ್ನು ಕುರಿತು ಬರೆಯುತ್ತ ಬಂದಿರುವೆವು. ಅವೆಲ್ಲವೂ ನಡುಮನೆಯಲ್ಲಿ ಕುಳಿತು ಎಲ್ಲರಿಗೂ ಕೇಳುವಂತೆ ಓದಬಹುದಾದ ಮಾತುಗಳು. ಈ ತಿಂಗಳು ನಾವು ಎತ್ತಿಕೊಂಡಿರುವ ವಿಷಯವು ಹಾಗಲ್ಲವೆಂದು ಕೆಲವು ವಾಚಕರಿಗೆ ತೋರಬಹುದು. ಮೂವತ್ತು ವರುಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಶಬ್ದರೂಪಗಳನ್ನೂ ಸಮಾಸಗಳನ್ನೂ ಹೇಳಿಕೊಟ್ಟ ಉಪಾಧ್ಯಾಯರಿಗೆ ಗರ್ಭನಿರೋಧಕ ಮಾತ್ರೆಯ ಗೊಡವೆ ಏತಕ್ಕೆ ಎಂದು ಕೇಳುವವರೂ ಇರಬಹುದು. ಅದು ಕೇಳತಕ್ಕ ಪ್ರಶ್ನೆಯೇ. ಅದಕ್ಕೆ ಉತ್ತರವನ್ನು ಮೊದಲು ಹೇಳಿ ಆಮೇಲೆ ವಿಷಯಕ್ಕೆ ಬರುವೆವು.

ಆರು ವರುಷಗಳ ಹಿಂದಿನ ಮಾತು. ನಮ್ಮ ಮಗನು ಉದ್ಯೋಗನಿಮಿತ್ತವಾಗಿ ಪರಸ್ಥಳದಲ್ಲಿದ್ದು ತಿಂಗಳಿಗೆ ಎರಡು ಸಲ ಮನೆಗೆ ಬಂದು ಹೋಗುತ್ತಿದ್ದನು. ಸೊಸೆಯೂ ಎರಡು ವರುಷದ ಮೊಮ್ಮಗನೂ ನಮ್ಮೊಡನೆ ಇದ್ದರು. ಆ ವರುಷ ಸೊಸೆಗೆ ಹತ್ತಿದ ಕೆಮ್ಮು ಮೂರು ವಾರವಾದರೂ ಬಿಡಲಿಲ್ಲ. ಸಾಯಂಕಾಲ ಸಣ್ಣಗೆ ಜ್ವರ ಬರುವುದು, ಮೈ ಇಳಿಯುವುದು ಆರಂಭವಾಯಿತು. ನಾವೇ ಅವಳನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋದೆವು. ಕಫದ ಪರೀಕ್ಷೆಯಾಗಿ ಕ್ಷಯವೆಂದು ತಿಳಿಯಿತು. ವೈದ್ಯರು ಧೈರ್ಯ ಹೇಳಿ, ಆರು ತಿಂಗಳು ತಪ್ಪದೆ ಔಷಧ ತೆಗೆದುಕೊಂಡರೆ ಪೂರ್ಣ ಗುಣವಾಗುವುದೆಂದರು. ಚೀಟಿ ಬರೆಯುವ ಮುನ್ನ, "ಬೇರೆ ಯಾವ ಔಷಧವನ್ನಾದರೂ ತೆಗೆದುಕೊಳ್ಳುತ್ತಿದ್ದೀಯೇನಮ್ಮ?" ಎಂದು ಕೇಳಿದರು. ಸೊಸೆಯು ಒಮ್ಮೆ ನಮ್ಮ ಕಡೆ ನೋಡಿ, ತಲೆ ತಗ್ಗಿಸಿ, "ಇಲ್ಲ" ಎಂದಳು.

ಅವಳು ತೆಗೆದುಕೊಳ್ಳುತ್ತಿದ್ದಳು. ಅಡಿಗೆಮನೆಯ ಮೇಲಣ ಹಲಗೆಯಲ್ಲಿ, ಮೆಂತ್ಯದ ಡಬ್ಬಿಯ ಹಿಂದೆ, ಮಾತ್ರೆಯ ಪೊಟ್ಟಣವಿತ್ತು. ಗಂಡನಿಗೆ ಗೊತ್ತಿತ್ತು, ನಮಗಾಗಲಿ ನಮ್ಮ ಮನೆಯವರಿಗಾಗಲಿ ಗೊತ್ತಿರಲಿಲ್ಲ. ಕ್ಷಯದ ಚಿಕಿತ್ಸೆ ನಡೆಯುತ್ತಿದ್ದ ನಾಲ್ಕನೆಯ ತಿಂಗಳಲ್ಲಿ ಅವಳು ಗರ್ಭಿಣಿಯೆಂದು ತಿಳಿದುಬಂತು. ಒಂದು ದಿನವೂ ಅವಳು ಮಾತ್ರೆಯನ್ನು ತಪ್ಪಿಸಿರಲಿಲ್ಲ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಎಂಬ ಔಷಧವು ಗರ್ಭನಿರೋಧಕ ಮಾತ್ರೆಯ ಬಲವನ್ನು ಕುಂದಿಸಿಬಿಡುವುದೆಂದು ವೈದ್ಯರು ಆಗ ವಿವರಿಸಿದರು. "ಅಂದು ಕೇಳಿದಾಗ ಏಕಮ್ಮ ಹೇಳಲಿಲ್ಲ?" ಎಂದರು. ಸೊಸೆ ಸುಮ್ಮನಿದ್ದಳು. ಏಕೆ ಹೇಳಲಿಲ್ಲವೆಂಬುದು ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ನಮಗೆ ತಿಳಿಯಿತು.

ಮೊದಲೇ ಬಡವಾಗಿದ್ದ ಶರೀರಕ್ಕೆ ಗರ್ಭದ ಭಾರವೂ ಸೇರಿ ಆ ಹುಡುಗಿ ಪಟ್ಟ ಪಾಡನ್ನು ನಾವು ಕಣ್ಣಾರೆ ಕಂಡೆವು. ದೈವಕೃಪೆಯಿಂದಲೂ ವೈದ್ಯರ ಎಚ್ಚರದಿಂದಲೂ ತಾಯಿ ಗುಣಹೊಂದಿದಳು. ಹುಟ್ಟಿದಾಗ ಅಂಗೈಯಗಲವಿದ್ದ ಮೊಮ್ಮಗಳು ಈಗ ಮನೆಯನ್ನೆಲ್ಲ ಆಳುತ್ತಿರುವಳು. ಆ ಮಗು ಬಂದುದಕ್ಕೆ ಈ ಮನೆಯಲ್ಲಿ ಯಾರಿಗೂ ವ್ಯಥೆಯಿಲ್ಲ. ಆದರೆ ತಾಯಿಯ ಪ್ರಾಣವನ್ನು ಪಣಕ್ಕೊಡ್ಡಿದ ಹಾಗಾಯಿತಲ್ಲ, ಅದೂ ಒಂದು ಮಾತನ್ನು ಆಡಲಾರದೆ ಹೋದುದರಿಂದ, ಎಂಬುದು ಮಾತ್ರ ನಮ್ಮ ಮನಸ್ಸಿನಿಂದ ಹೋಗಿಲ್ಲ. ಆ ಮೇಲೆ ನಾವು ಈ ವಿಷಯವನ್ನು ಕುರಿತು ಓದಿದೆವು. ಬಲ್ಲ ವೈದ್ಯರನ್ನು ಕೇಳಿದೆವು. ತಿಳಿದುದನ್ನು ಇಲ್ಲಿ ಅರಿಕೆ ಮಾಡುತ್ತಿರುವೆವು.

ಮಾತ್ರೆಯೆಂಬ ಶಬ್ದಕ್ಕೆ ಅಳತೆಯೆಂದು ಮೊದಲ ಅರ್ಥ. ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾವು ಈಗ ಹೇಳಹೊರಟಿರುವ ಗುಳಿಗೆಯಲ್ಲಿಯೂ ಅಳತೆಯೇ ಮುಖ್ಯ. ಇದರಲ್ಲಿ ಎರಡು ದ್ರವ್ಯಗಳು ಕೂಡಿರುವುದರಿಂದ ಇದನ್ನು ಸಂಯುಕ್ತ ಮಾತ್ರೆಯೆನ್ನುವರು. ಒಂದು ಈಸ್ಟ್ರೊಜೆನ್, ಇನ್ನೊಂದು ಪ್ರೊಜೆಸ್ಟಿನ್. ಸ್ತ್ರೀಶರೀರವು ತಾನಾಗಿಯೇ ಸ್ರವಿಸುವ ಹಾರ್ಮೋನುಗಳನ್ನು ಹೋಲುವಂತೆ ಇವನ್ನು ಮಾಡಿರುವರು. ನಮ್ಮ ದೇಶದಲ್ಲಿ ಸರ್ಕಾರಿ ಆರೋಗ್ಯಕೇಂದ್ರಗಳಲ್ಲಿ ಬೆಲೆಯಿಲ್ಲದೆ ಕೊಡುವ ಮಾಲಾ-ಎನ್ ಎಂಬುದೂ, ಅಲ್ಪ ಬೆಲೆಗೆ ಮಾರುವ ಮಾಲಾ-ಡಿ ಎಂಬುದೂ ಈ ಜಾತಿಯವೇ. ಇವುಗಳ ಒಂದೊಂದು ಮಾತ್ರೆಯಲ್ಲಿ ಎಥಿನೈಲ್ ಎಸ್ಟ್ರಡಯಾಲ್ ೩೦ ಮೈಕ್ರೋಗ್ರಾಂ, ಲೆವೊನಾರ್ಜೆಸ್ಟ್ರೆಲ್ ೧೫೦ ಮೈಕ್ರೋಗ್ರಾಂ ಇರುವುವು. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಮೈಕ್ರೋಗ್ರಾಂ. ಇಷ್ಟು ಅಲ್ಪವಾದ ವಸ್ತುವು ಇಷ್ಟು ದೊಡ್ಡ ಕಾರ್ಯವನ್ನು ಮಾಡುವುದಾದ್ದರಿಂದ ಅದನ್ನು ಉಪಯೋಗಿಸುವಲ್ಲಿ ಕ್ರಮವು ಬೇಕು.

ಸಂತಾನಮಿತಿಯ ವಿಚಾರವು ನಮ್ಮ ನಾಡಿಗೆ ಹೊಸದೇನೂ ಅಲ್ಲ. ೧೯೩೦ರಲ್ಲಿಯೇ ಮೈಸೂರು ಸರ್ಕಾರವು ಇದಕ್ಕಾಗಿ ಚಿಕಿತ್ಸಾಲಯಗಳನ್ನು ತೆರೆಯಿತು. ಸರ್ಕಾರವೇ ನಡೆಸಿದಂಥವುಗಳಲ್ಲಿ ಅವು ಪ್ರಪಂಚಕ್ಕೇ ಮೊದಲಿನವೆಂದು ಹೇಳುವರು. ಆಗ ಮಾತ್ರೆಯೆಂಬುದು ಇರಲಿಲ್ಲ. ಮೆಕ್ಸಿಕೋ ದೇಶದಲ್ಲಿ ಬೆಳೆಯುವ ಒಂದು ಕಾಡುಗೆಣಸಿನಿಂದ ಹಾರ್ಮೋನುಗಳನ್ನು ತಯಾರಿಸುವ ಮಾರ್ಗವು ತೋರಿದ ಮೇಲೆ, ೧೯೫೧ರಲ್ಲಿ ಅಲ್ಲಿಯ ರಸಾಯನಶಾಲೆಯೊಂದರಲ್ಲಿ ನಾರ್‌ಎಥಿಸ್ಟೆರೋನ್ ಎಂಬ ಪ್ರೊಜೆಸ್ಟಿನ್ ಸಿದ್ಧವಾಯಿತು. ಅಮೆರಿಕದ ಗ್ರೆಗರಿ ಪಿಂಕಸ್, ಜಾನ್ ರಾಕ್ ಮೊದಲಾದವರು ಇಂಥ ಮಾತ್ರೆಯನ್ನು ೧೯೫೬ರಲ್ಲಿ ಪೋರ್ಟೊ ರಿಕೋ ದ್ವೀಪದ ಸ್ತ್ರೀಯರಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದರು. ೧೯೬೦ರಲ್ಲಿ ಅಮೆರಿಕದ ಸರ್ಕಾರವು ಅದನ್ನು ಗರ್ಭನಿರೋಧಕವೆಂದು ಒಪ್ಪಿತು.

ಆ ಪರೀಕ್ಷೆಗಳಲ್ಲಿ ಸ್ತ್ರೀಯರು ವಾಂತಿ, ತಲೆನೋವು, ತಲೆಸುತ್ತು ಎಂದು ಹೇಳಿಕೊಂಡಾಗ ಅದು ಮನಸ್ಸಿನ ಭ್ರಮೆಯೆಂದು ಪ್ರಯೋಗ ನಡೆಸಿದವರು ಬಹುಮಟ್ಟಿಗೆ ತಳ್ಳಿಹಾಕಿದರು. ಅಂದಿನ ಮಾತ್ರೆಯಲ್ಲಿ ಈಸ್ಟ್ರೊಜೆನ್ ಜಾತಿಯ ದ್ರವ್ಯವು ೧೫೦ ಮೈಕ್ರೋಗ್ರಾಂ ಇದ್ದಿತು. ಇಂದಿನ ಮಾತ್ರೆಗಳಲ್ಲಿ ಸಾಮಾನ್ಯವಾಗಿ ೨೦ರಿಂದ ೩೫ರವರೆಗೆ ಮಾತ್ರ ಇರುವುದು. ರಕ್ತನಾಳಗಳಲ್ಲಿ ರಕ್ತವು ಹೆಪ್ಪುಗಟ್ಟುವ ಅಪಾಯವುಂಟೆಂದು ವರದಿಗಳು ಬಂದು, ೧೯೭೦ರಲ್ಲಿ ಅಮೆರಿಕದ ಶಾಸನಸಭೆಯಲ್ಲಿ ವಿಚಾರಣೆ ನಡೆದ ಮೇಲೆಯೇ ಮಾತ್ರೆಯ ಅಪಾಯಗಳನ್ನು ತಿಳಿಸುವ ಕಾಗದವನ್ನು ಪೊಟ್ಟಣದೊಡನೆ ಕೊಡಬೇಕೆಂಬ ನಿಯಮವಾಯಿತು. ಇಂದಿನ ಮಾತ್ರೆಯು ಅಂದಿನದಕ್ಕಿಂತ ಸೌಮ್ಯವಾಗಿರುವುದಕ್ಕೆ, ಸ್ತ್ರೀಯರು ತಮಗಾದ ತೊಂದರೆಯನ್ನು ಬಿಡದೆ ಹೇಳಿದುದೂ ಒಂದು ಕಾರಣವೆಂಬುದನ್ನು ಮರೆಯಬಾರದು.

ಇನ್ನು ಮಾತ್ರೆಯು ಮಾಡುವ ಕೆಲಸವೇನು? ಪ್ರತಿ ತಿಂಗಳೂ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಎಂಬ ಸಣ್ಣ ಗ್ರಂಥಿಯು ಅಂಡಾಶಯಕ್ಕೆ ಆಜ್ಞೆಯನ್ನು ಕಳುಹಿಸುವುದು. ಆ ಆಜ್ಞೆಯಂತೆ ಅಂಡವೊಂದು ಪಕ್ವವಾಗಿ ಹೊರಬೀಳುವುದು. ಮಾತ್ರೆಯ ಹಾರ್ಮೋನುಗಳು ರಕ್ತದಲ್ಲಿರುವಾಗ ಆ ಗ್ರಂಥಿಯು ಆಜ್ಞೆಯನ್ನು ಕೊಡದೆ ಸುಮ್ಮನಾಗುವುದು, ಅಂಡವು ಹೊರಬೀಳುವುದಿಲ್ಲ. ಇದಲ್ಲದೆ ಗರ್ಭಕೋಶದ ಬಾಯಲ್ಲಿರುವ ಲೋಳೆಯು ಗಟ್ಟಿಯಾಗಿ ಪುರುಷಬೀಜವು ಒಳಸೇರುವುದು ಕಷ್ಟವಾಗುವುದು. ಆಗಲೇ ನಿಂತಿರುವ ಗರ್ಭವನ್ನು ಈ ಮಾತ್ರೆಯು ಕೆಡಿಸಲಾರದು. ಅರಿಯದೆ ಗರ್ಭದ ಮೊದಲ ದಿನಗಳಲ್ಲಿ ತೆಗೆದುಕೊಂಡಿದ್ದರೂ ಶಿಶುವಿಗೆ ಹಾನಿಯಾಗುವುದೆಂದು ಕಂಡುಬಂದಿಲ್ಲ.

ಮಾಲಾ-ಎನ್‌ನಂಥ ಪೊಟ್ಟಣದಲ್ಲಿ ೨೮ ಮಾತ್ರೆಗಳಿರುವುವು. ಅವುಗಳಲ್ಲಿ ೨೧ ಹಾರ್ಮೋನಿನವು; ಬೇರೆ ಬಣ್ಣದ ೭ ಮಾತ್ರೆಗಳು ಬರಿಯ ಕಬ್ಬಿಣದವು, ರಕ್ತವೃದ್ಧಿಗಾಗಿ ಇಟ್ಟವು. ಭಾಮಿನೀ ಷಟ್ಪದಿಯ ಮೊದಲೆರಡು ಸಾಲುಗಳಿಗೂ ಇಷ್ಟೇ ಮಾತ್ರೆಗಳೆಂದು ನಮ್ಮ ಹಳೆಯ ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳಬಹುದು. ಮುಟ್ಟಾದ ಮೊದಲನೆಯ ದಿನದಿಂದ ಐದನೆಯ ದಿನದೊಳಗೆ ಮೊದಲ ಮಾತ್ರೆಯನ್ನು ತೆಗೆದುಕೊಂಡರೆ ಅಂದಿನಿಂದಲೇ ರಕ್ಷೆಯುಂಟು. ಗರ್ಭವಿಲ್ಲವೆಂಬುದು ಖಚಿತವಾಗಿದ್ದರೆ ಬೇರೆ ಯಾವ ದಿನವಾದರೂ ಆರಂಭಿಸಬಹುದು. ಆದರೆ ಆಗ ಮೊದಲ ೭ ದಿನ ನಿರೋಧವನ್ನೂ ಬಳಸತಕ್ಕದ್ದು. ದಿನಕ್ಕೆ ಒಂದು ಮಾತ್ರೆ, ದಿನವೂ ಒಂದೇ ಹೊತ್ತಿಗೆ. ರಾತ್ರಿಯ ಊಟವಾದ ಮೇಲೆ ತೆಗೆದುಕೊಂಡರೆ ಹೊಟ್ಟೆ ತೊಳಸುವುದು ಕಡಮೆ. ದೀಪ ಆರಿಸುವ ಮುನ್ನ ನೆನಪಾಗುವುದೂ ಸುಲಭ.

ಕಬ್ಬಿಣದ ಮಾತ್ರೆಗಳ ವಾರದಲ್ಲಿ ಮುಟ್ಟು ಕಾಣುವುದು. ಅದು ಮುಗಿದಿರಲಿ ಬಿಡಲಿ, ೨೮ನೆಯ ಮಾತ್ರೆಯ ಮರುದಿನವೇ ಹೊಸ ಪೊಟ್ಟಣವನ್ನು ಆರಂಭಿಸಬೇಕು. ಕೆಲವು ಕಂಪನಿಗಳ ಪೊಟ್ಟಣಗಳಲ್ಲಿ ೨೧ ಮಾತ್ರೆಗಳೇ ಇರುವುವು. ಅವನ್ನು ಮುಗಿಸಿ ೭ ದಿನ ಬಿಟ್ಟು ಎಂಟನೆಯ ದಿನ ಮತ್ತೆ ಆರಂಭಿಸಬೇಕು. ಹಾರ್ಮೋನಿಲ್ಲದ ಈ ಅವಧಿಯು ೭ ದಿನಗಳನ್ನು ಮೀರಬಾರದು. ಮೀರಿದರೆ ಅಂಡಾಶಯವು ಎಚ್ಚತ್ತುಕೊಳ್ಳುವುದು. ಹೊಸ ಪೊಟ್ಟಣ ಮನೆಯಲ್ಲಿಲ್ಲವೆಂದು ಎರಡು ದಿನ ತಡೆಯುವುದು, ನಡುವೆ ಒಂದು ಮಾತ್ರೆ ಮರೆಯುವುದಕ್ಕಿಂತ ಕೆಟ್ಟದ್ದು. ಅಕ್ಕಿ ತೀರುವ ಮುನ್ನ ಅಕ್ಕಿ ತರಿಸುವ ಹಾಗೆ ಒಂದು ಪೊಟ್ಟಣವನ್ನು ಮುಂದಾಗಿಯೇ ಇಟ್ಟುಕೊಂಡಿರುವುದು ಲೇಸು.

ಎಷ್ಟು ಎಚ್ಚರವಿದ್ದರೂ ಮರೆವೆಂಬುದು ಮನುಷ್ಯಧರ್ಮ. ಹಾರ್ಮೋನಿನ ಒಂದು ಮಾತ್ರೆ ತಪ್ಪಿದರೆ, ನೆನಪಾದ ಕೂಡಲೆ ಅದನ್ನು ತೆಗೆದುಕೊಂಡು, ಅಂದಿನದನ್ನು ಎಂದಿನ ಹೊತ್ತಿಗೆ ತೆಗೆದುಕೊಳ್ಳಬೇಕು. ಒಂದೇ ದಿನ ಎರಡಾದರೂ ಭಯವಿಲ್ಲ. ಬೇರೆ ರಕ್ಷೆಯೂ ಬೇಡ. ಒಂದರ ಮೇಲೊಂದು ಎರಡು ಅಥವಾ ಹೆಚ್ಚು ತಪ್ಪಿದ್ದರೆ, ಕೊನೆಯಲ್ಲಿ ತಪ್ಪಿದುದನ್ನು ಮಾತ್ರ ಕೂಡಲೆ ತೆಗೆದುಕೊಂಡು, ಅದಕ್ಕೆ ಹಿಂದೆ ತಪ್ಪಿದುವನ್ನು ಬಿಟ್ಟು, ಉಳಿದುವನ್ನು ಕ್ರಮವಾಗಿ ಮುಂದುವರಿಸಬೇಕು. ಬಿಡದೆ ೭ ದಿನ ಮಾತ್ರೆ ನಡೆಯುವವರೆಗೆ ನಿರೋಧವನ್ನು ಬಳಸಬೇಕು, ಇಲ್ಲವೆ ಸಂಯಮದಿಂದಿರಬೇಕು. ಈ ತಪ್ಪು ಮೂರನೆಯ ವಾರದಲ್ಲಿ ಆಗಿದ್ದರೆ, ಹಾರ್ಮೋನಿನ ಮಾತ್ರೆಗಳನ್ನು ಮುಗಿಸಿ, ಕಬ್ಬಿಣದವನ್ನು ಬಿಟ್ಟು, ಮರುದಿನವೇ ಹೊಸ ಪೊಟ್ಟಣಕ್ಕೆ ಹೋಗಬೇಕು. ಮೊದಲನೆಯ ವಾರದಲ್ಲಿ ತಪ್ಪಿ, ಆ ದಿನಗಳಲ್ಲಿ ಗಂಡಹೆಂಡಿರು ಕೂಡಿದ್ದರೆ, ತಡಮಾಡದೆ ವೈದ್ಯರನ್ನು ಕಂಡು ತುರ್ತು ಮಾತ್ರೆಯ ಅಗತ್ಯವುಂಟೇ ಎಂದು ಕೇಳಬೇಕು. ಕಬ್ಬಿಣದ ಮಾತ್ರೆ ತಪ್ಪಿದರೆ ಗರ್ಭದ ಅಂಜಿಕೆಯಿಲ್ಲ.

ಮಾತ್ರೆ ನುಂಗಿದ ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದನ್ನು ತೆಗೆದುಕೊಳ್ಳಬೇಕು. ವಾಂತಿಯಾಗಲಿ ಭೇದಿಯಾಗಲಿ ಬಲವಾಗಿ ಎರಡು ದಿನಕ್ಕೂ ಮೇಲ್ಪಟ್ಟು ನಡೆದರೆ ಆ ದಿನಗಳ ಮಾತ್ರೆ ತಪ್ಪಿತೆಂದೇ ಎಣಿಸಿ ಮೇಲೆ ಹೇಳಿದಂತೆ ನಡೆಯಬೇಕು. ಕ್ರಮವಾಗಿ ತೆಗೆದುಕೊಂಡರೂ ಒಂದು ತಿಂಗಳು ಮುಟ್ಟು ಕಾಣದಿರುವುದುಂಟು, ಅದಕ್ಕೆ ಗಾಬರಿಯಾಗಬೇಕಾದುದಿಲ್ಲ. ಮಾತ್ರೆ ತಪ್ಪಿದ್ದು ಮುಟ್ಟು ಕಾಣದಿದ್ದರೆ, ಅಥವಾ ಎರಡು ತಿಂಗಳು ಕಾಣದಿದ್ದರೆ, ಪರೀಕ್ಷೆ ಮಾಡಿಸುವುದು ಯುಕ್ತ.

ಈ ಕ್ರಮದ ಬೆಲೆ ಎಷ್ಟೆಂಬುದು ಲೆಕ್ಕದಿಂದ ತಿಳಿಯುವುದು. ಒಂದು ವರುಷ ಕಾಲ ಒಂದು ಮಾತ್ರೆಯೂ ತಪ್ಪದಂತೆ ತೆಗೆದುಕೊಂಡ ೧,೦೦೦ ಸ್ತ್ರೀಯರಲ್ಲಿ ಸುಮಾರು ೩ ಮಂದಿಗೆ ಮಾತ್ರ ಗರ್ಭವಾಗುವುದು. ಲೋಕರೂಢಿಯಂತೆ ಆಗೊಮ್ಮೆ ಈಗೊಮ್ಮೆ ಮರೆಯುತ್ತ ತೆಗೆದುಕೊಳ್ಳುವ ೧,೦೦೦ ಮಂದಿಯಲ್ಲಿ ಸುಮಾರು ೭೦ ಮಂದಿಗೆ ಆಗುವುದು. ಮದ್ದು ಒಂದೇ, ಭೇದವೆಲ್ಲ ನಿಯಮದಲ್ಲಿ. ಯಾರಿಗೂ ಕಾಣದಂತೆ ಬಚ್ಚಿಟ್ಟು, ಅತ್ತೆಯವರು ಮಲಗಿದ ಮೇಲೆ, ನಾದಿನಿಯವರು ಆಚೆ ಹೋದ ಮೇಲೆ ನುಂಗಬೇಕಾದ ಮನೆಯಲ್ಲಿ ನಿಯಮವು ಹೇಗೆ ನಿಂತೀತು ಎಂಬುದನ್ನು ಹಿರಿಯರು ಯೋಚಿಸಬೇಕು.

ಈ ಮಾತ್ರೆಯು ಎಲ್ಲರಿಗೂ ತಕ್ಕುದಲ್ಲ. ಆರಂಭಿಸುವ ಮುನ್ನ ರಕ್ತದ ಒತ್ತಡವನ್ನು ಅಳೆಯಿಸಲೇಬೇಕು. ೧೪೦ಕ್ಕೆ ೯೦ ಅಥವಾ ಅದಕ್ಕೆ ಮೇಲ್ಪಟ್ಟು ಇರುವವರಿಗೆ ಬೇರೆ ಉಪಾಯವೇ ಒಳ್ಳೆಯದು. ಹಿಂದೆ ಕಾಲಿನಲ್ಲಾಗಲಿ ಶ್ವಾಸಕೋಶದಲ್ಲಾಗಲಿ ರಕ್ತ ಹೆಪ್ಪುಗಟ್ಟಿದ್ದವರು, ಹೃದ್ರೋಗವುಳ್ಳವರು, ಲಕ್ವ ಹೊಡೆದಿದ್ದವರು, ಸ್ತನದ ಕ್ಯಾನ್ಸರ್ ಆಗಿದ್ದವರು, ಕಾಮಾಲೆಯಿಂದ ಅಥವಾ ಯಕೃತ್ತಿನ ತೀವ್ರ ರೋಗದಿಂದ ನರಳುತ್ತಿರುವವರು, ಬಹುಕಾಲದ ಮಧುಮೇಹದಿಂದ ಕಣ್ಣು ಮೂತ್ರಪಿಂಡಗಳು ಕೆಟ್ಟಿರುವವರು ಇದನ್ನು ತೆಗೆದುಕೊಳ್ಳಬಾರದು. ಅರೆತಲೆನೋವು ಬರುವ ಮುನ್ನ ಕಣ್ಣೆದುರು ಮಿಂಚಿನ ಗೆರೆಗಳು ಕಾಣುವ, ಇಲ್ಲವೆ ಕೈ ಜೋಮುಹಿಡಿಯುವ ಸ್ತ್ರೀಯರಿಗೂ ಇದು ಸಲ್ಲದು. ಅವರಲ್ಲಿ ಪಾರ್ಶ್ವವಾಯುವಿನ ಅಪಾಯವು ಹೆಚ್ಚುವುದು. ೩೫ ವರುಷ ದಾಟಿ ಬೀಡಿ ಸಿಗರೇಟು ಸೇದುವವರೂ ಇದನ್ನು ಬಿಡತಕ್ಕದ್ದು. ದೊಡ್ಡ ಶಸ್ತ್ರಚಿಕಿತ್ಸೆಯಾಗಿ ಬಹುದಿನ ಹಾಸಿಗೆ ಹಿಡಿಯಬೇಕಾದವರು ಮುಂದಾಗಿಯೇ ವೈದ್ಯರಿಗೆ ತಿಳಿಸಬೇಕು.

ಬಾಣಂತಿಯರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಮೊಲೆಯೂಡುವ ತಾಯಿಯು ಹೆರಿಗೆಯಾದ ಆರು ವಾರದೊಳಗೆ ಸಂಯುಕ್ತ ಮಾತ್ರೆಯನ್ನು ಮುಟ್ಟಲೇಬಾರದು. ಆರು ತಿಂಗಳವರೆಗೂ ಸಾಮಾನ್ಯವಾಗಿ ಬೇರೆ ಉಪಾಯವನ್ನೇ ಹೇಳುವರು. ಹೆರಿಗೆಯ ಮೇಲಣ ವಾರಗಳಲ್ಲಿ ರಕ್ತವು ಹೆಪ್ಪುಗಟ್ಟುವ ಸಂಭವವು ಸ್ವಭಾವತಃ ಹೆಚ್ಚು. ನಿರೋಧ, ತಾಮ್ರದ ವಂಕಿ, ಪ್ರೊಜೆಸ್ಟಿನ್ ಒಂದನ್ನೇ ಉಳ್ಳ ಮಾತ್ರೆ ಮೊದಲಾದುವು ಅವರಿಗಾಗಿ ಉಂಟು.

ಇನ್ನು ನಮ್ಮ ಮನೆಯಲ್ಲಿ ಎಡವಿದ ಕಲ್ಲಿಗೆ ಬರುವೆವು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಫೀನೋಬಾರ್ಬಿಟಾಲ್ ಮೊದಲಾದುವು, ಎಚ್‌ಐವಿಗೆ ಕೊಡುವ ಕೆಲವು ಔಷಧಗಳು, ಇವೆಲ್ಲ ಯಕೃತ್ತನ್ನು ಚುರುಕುಗೊಳಿಸುವುವು. ಯಕೃತ್ತು ಮಾತ್ರೆಯ ಹಾರ್ಮೋನುಗಳನ್ನು ಬೇಗಬೇಗನೆ ಕರಗಿಸಿ ಹೊರಹಾಕಿಬಿಡುವುದು. ನುಂಗಿದವಳು ನಿಶ್ಚಿಂತೆಯಿಂದಿರುವಳು, ಶರೀರದಲ್ಲಿ ರಕ್ಷೆ ಮಾತ್ರ ಉಳಿದಿರುವುದಿಲ್ಲ. ರಿಫಾಂಪಿಸಿನ್ ನಿಲ್ಲಿಸಿದ ಮೇಲೂ ಸುಮಾರು ನಾಲ್ಕು ವಾರ ಈ ಪ್ರಭಾವವಿರುವುದು. ಆದುದರಿಂದ ಕ್ಷಯದ ಚಿಕಿತ್ಸೆಯಲ್ಲಿರುವವರು ಬೇರೆ ವಿಧಾನವನ್ನೇ ಹಿಡಿಯಬೇಕು. ಮೂರ್ಛೆರೋಗಕ್ಕೆ ಕೊಡುವ ಲಾಮೋಟ್ರಿಜಿನ್ ಎಂಬುದರಲ್ಲಿ ತಿರುವುಮುರುವು. ಅಲ್ಲಿ ಮಾತ್ರೆಯೇ ಆ ಔಷಧದ ಬಲವನ್ನು ಕುಗ್ಗಿಸುವುದು. ಸಾಮಾನ್ಯ ಜ್ವರ ನೆಗಡಿಗಳಿಗೆ ಕೊಡುವ ಆಂಟಿಬಯೋಟಿಕ್ಕುಗಳಿಂದ ಈ ಬಾಧೆಯಿಲ್ಲ. ಯಾವುದರಿಂದ ಬಾಧೆಯುಂಟು, ಯಾವುದರಿಂದ ಇಲ್ಲ ಎಂಬುದನ್ನು ಬಲ್ಲವರು ವೈದ್ಯರು. ತಾನು ಮಾತ್ರೆ ತೆಗೆದುಕೊಳ್ಳುತ್ತಿರುವೆನೆಂಬುದನ್ನು ಅವರಿಗೆ ಹೇಳಬೇಕಾದವಳು ಮಾತ್ರ ಅವಳೇ.

ಮೊದಲ ಎರಡು ಮೂರು ತಿಂಗಳಲ್ಲಿ ಹೊಟ್ಟೆ ತೊಳಸುವುದು, ಎದೆ ಬಿಗಿಯುವುದು, ಸಣ್ಣ ತಲೆನೋವು, ನಡುನಡುವೆ ರಕ್ತದ ಕಲೆ ಕಾಣುವುದು ಉಂಟು. ಬಹುಮಂದಿಗೆ ಇವು ತಾವಾಗಿಯೇ ಶಮನವಾಗುವುವು. ಆಗದಿದ್ದರೂ, ಮನಸ್ಸು ಕುಗ್ಗಿದಂತೆ ತೋರಿದರೂ, ಮಾತ್ರೆಯನ್ನು ಬದಲಾಯಿಸಬಹುದು. ಸಹಿಸಿಕೊಂಡೇ ಇರಬೇಕೆಂಬ ವ್ರತವೇನೂ ಇಲ್ಲ. ಆದರೆ ಐದು ಲಕ್ಷಣಗಳು ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು: ಒಂದೇ ಕಾಲಿನ ಮೀನಖಂಡದಲ್ಲಿ ನೋವು, ಊತ; ಎದೆನೋವು ಅಥವಾ ಉಸಿರು ಕಟ್ಟುವುದು; ಹಿಂದೆಂದೂ ಕಾಣದಂಥ ತಲೆನೋವು, ಮಾತು ತೊದಲುವುದು, ಒಂದು ಪಾರ್ಶ್ವವು ಬಲಗುಂದುವುದು; ಕಣ್ಣು ಇದ್ದಕ್ಕಿದ್ದಂತೆ ಮಂಜಾಗುವುದು; ಹೊಟ್ಟೆಯಲ್ಲಿ ತೀವ್ರ ನೋವು ಅಥವಾ ಕಣ್ಣು ಹಳದಿಯಾಗುವುದು. "ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ" ಎಂಬ ಮಾತನ್ನು ಅಲ್ಲಿ ಮೊದಲು ಹೇಳಬೇಕು.

ಹೀಗೆಂದು ಬೆದರಬೇಕಾದುದಿಲ್ಲ. ಗರ್ಭಿಣಿಯಲ್ಲದ, ಮಾತ್ರೆಯನ್ನೂ ತೆಗೆದುಕೊಳ್ಳದ ೧೦,೦೦೦ ಸ್ತ್ರೀಯರಲ್ಲಿ ವರುಷಕ್ಕೆ ಸುಮಾರು ಇಬ್ಬರಿಗೆ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು. ಲೆವೊನಾರ್ಜೆಸ್ಟ್ರೆಲ್ ಉಳ್ಳ ಸಂಯುಕ್ತ ಮಾತ್ರೆಯನ್ನು ತೆಗೆದುಕೊಳ್ಳುವವರಲ್ಲಿ ಅದು ಐದರಿಂದ ಏಳು ಮಂದಿಗೆ. ಹೊಸ ಬಗೆಯ ಕೆಲವು ಪ್ರೊಜೆಸ್ಟಿನ್ ಉಳ್ಳವುಗಳಲ್ಲಿ ಒಂಬತ್ತರಿಂದ ಹನ್ನೆರಡು ಮಂದಿಗೆ. ಬಸಿರು ಬಾಣಂತನಗಳಲ್ಲಿ ಈ ಅಪಾಯವು ಅದಕ್ಕಿಂತಲೂ ಹೆಚ್ಚು. ಮಾತ್ರೆಯಿಂದ ಉಪಕಾರಗಳೂ ಉಂಟು: ಮುಟ್ಟಿನ ನೋವು ಕಡಮೆಯಾಗುವುದು, ಸ್ರಾವವು ಮಿತವಾಗಿ ರಕ್ತಹೀನತೆ ತಗ್ಗುವುದು, ಅಂಡಾಶಯದ ಮತ್ತು ಗರ್ಭಕೋಶದ ಒಳಪೊರೆಯ ಕ್ಯಾನ್ಸರುಗಳು ವಿರಳವಾಗುವುವು. ಸ್ತನದ ಕ್ಯಾನ್ಸರಿನ ಸಂಭವವು ತೆಗೆದುಕೊಳ್ಳುವ ಕಾಲದಲ್ಲಿ ಸ್ವಲ್ಪ ಹೆಚ್ಚಿ, ಬಿಟ್ಟ ಮೇಲೆ ವರುಷಗಳು ಕಳೆದಂತೆ ಇಳಿಯುವುದು. ಎರಡು ತಟ್ಟೆಗಳನ್ನೂ ತೂಗಿ ನೋಡಿ ನಿಶ್ಚಯಿಸಬೇಕು.

ಮನೆಗಳಲ್ಲಿ ಕೇಳಿಬರುವ ಕೆಲವು ತಪ್ಪು ತಿಳಿವಳಿಕೆಗಳನ್ನೂ ಹೇಳಿಬಿಡುವೆವು. ಮಾತ್ರೆಗಳು ಹೊಟ್ಟೆಯಲ್ಲಿ ಗಂಟುಕಟ್ಟಿಕೊಳ್ಳುವುವೆಂಬುದು ಸುಳ್ಳು. ಅವು ದಿನದಿನವೂ ಕರಗಿ ಹೋಗುವುವು. ಬಂಜೆತನ ಬರುವುದೆಂಬುದೂ ಸುಳ್ಳು. ಬಿಟ್ಟ ಕೆಲವು ವಾರಗಳಲ್ಲಿಯೇ ಗರ್ಭವಾಗುವುದು ಸಾಧ್ಯ. ಶರೀರಕ್ಕೆ ವಿಶ್ರಾಂತಿ ಬೇಕೆಂದು ನಡುವೆ ಒಂದೆರಡು ತಿಂಗಳು ಬಿಡುವುದರಿಂದ ಲಾಭವೇನೂ ಇಲ್ಲ. ಬೇಡದ ಗರ್ಭಗಳು ಹಲವು ಆ ವಿಶ್ರಾಂತಿಯ ಫಲ. ಅಂಗಡಿಯಲ್ಲಿ ದೊರೆಯುವ ತುರ್ತು ಮಾತ್ರೆಯು ಬೇರೆ. ಅದನ್ನು ನಿತ್ಯದ ರಕ್ಷೆಯಾಗಿ ಬಳಸತಕ್ಕದ್ದಲ್ಲ. ವಾರಕ್ಕೊಮ್ಮೆಯಂತೆ ತೆಗೆದುಕೊಳ್ಳುವ ಛಾಯಾ ಎಂಬುದೂ ಬೇರೆ. ಅದರಲ್ಲಿ ಹಾರ್ಮೋನಿಲ್ಲ, ಅದರ ಕ್ರಮವೂ ಬೇರೆ. ಮದುವೆ ಮುಂಜಿ ಹಬ್ಬಗಳ ಕಾಲದಲ್ಲಿ ಮುಟ್ಟನ್ನು ಮುಂದೂಡಲೆಂದು ನಮ್ಮ ಸ್ತ್ರೀಯರು ನುಂಗುವ ಮಾತ್ರೆಯು ಸಾಮಾನ್ಯವಾಗಿ ನಾರ್‌ಎಥಿಸ್ಟೆರೋನ್. ಹಾಗೆ ನುಂಗಿದುದನ್ನು ಗರ್ಭನಿರೋಧಕವೆಂದು ನಂಬಬಾರದು. ಸಂಯುಕ್ತ ಮಾತ್ರೆಯು ಸಂಭೋಗದಿಂದ ಹರಡುವ ರೋಗಗಳನ್ನು ತಡೆಯಲಾರದೆಂಬುದೂ ನೆನಪಿರಲಿ. ಅದಕ್ಕೆ ನಿರೋಧವೊಂದೇ ಗತಿ.

ಕೊನೆಯ ಮಾತು ನಮ್ಮಂತೆ ತಲೆ ನರೆತವರಿಗೆ. ಸೊಸೆಯೂ ಮಗಳೂ ಏನು ನುಂಗುವರೆಂದು ವಿಚಾರಿಸುವುದು ನಮ್ಮ ಧರ್ಮವಲ್ಲ. ಡಬ್ಬಿಗಳ ಹಿಂದೆ ಹುಡುಕುವುದಂತೂ ಅಲ್ಲವೇ ಅಲ್ಲ. ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯುವುದು ನಮ್ಮ ಕೆಲಸ. ವೈದ್ಯರು ಮಾತಿಗೆ ತೊಡಗಿದಾಗ ಎದ್ದು ಹೊರಗಿನ ಬೆಂಚಿನ ಮೇಲೆ ಕುಳಿತುಕೊಳ್ಳುವುದೂ ನಮ್ಮ ಕೆಲಸ. ಮೊದಲನೆಯದನ್ನು ನಾವು ಪ್ರೀತಿಯಿಂದ ಮಾಡಿದೆವು. ಎರಡನೆಯದು ನಮಗೆ ತೋಚಲಿಲ್ಲ. ಕಾವಲಿಗೆಂದು ಕುಳಿತ ನಾವು ಅಡ್ಡಗೋಡೆಯಾದೆವು.

ತರುಣಿಯರಿಗೂ ಒಂದು ಬಿನ್ನಹ. ಹೇಳಲು ನಾಲಿಗೆ ಏಳದಿದ್ದರೆ ಬರೆದು ತೋರಿಸಿರಿ. ತಾನು ತೆಗೆದುಕೊಳ್ಳುವ ಎಲ್ಲ ಔಷಧಗಳ ಹೆಸರುಗಳನ್ನೂ, ನಾಟಿಮದ್ದಾದರೆ ಅದನ್ನೂ, ಒಂದು ಚೀಟಿಯಲ್ಲಿ ಬರೆದು ಚೀಲದಲ್ಲಿಟ್ಟುಕೊಂಡು, ಯಾವ ವೈದ್ಯರಲ್ಲಿಗೆ ಹೋದರೂ ಅದನ್ನು ಅವರ ಮೇಜಿನ ಮೇಲಿಡಿರಿ. ಊರಿನ ಆಶಾ ಕಾರ್ಯಕರ್ತೆಯೂ ಆರೋಗ್ಯಕೇಂದ್ರದ ದಾದಿಯೂ ಈ ವಿಷಯಗಳನ್ನು ಬಲ್ಲವರು. ಅವರೊಡನೆ ಮಾತನಾಡುವುದು ಇನ್ನೂ ಸುಲಭ.

ಈ ಲೇಖನವನ್ನು ಅಚ್ಚಿಗೆ ಕಳುಹಿಸುವ ಮುನ್ನ ನಾವು ಸೊಸೆಯ ಕೈಗೆ ಕೊಟ್ಟು, ಅವಳು ಬೇಡವೆಂದರೆ ಹರಿದುಹಾಕುವೆವೆಂದು ಹೇಳಿದೆವು. ಅವಳು ಒಂದು ರಾತ್ರಿ ಇಟ್ಟುಕೊಂಡಿದ್ದು ಬೆಳಿಗ್ಗೆ ಹಿಂದಿರುಗಿಸಿದಳು. "ರಕ್ತದ ಒತ್ತಡವನ್ನು ಆರಂಭದಲ್ಲಿ ಮಾತ್ರ ನೋಡಿಸಿದರೆ ಸಾಲದು ಮಾವ, ಆಮೇಲೂ ಆಗಾಗ ನೋಡಿಸಬೇಕು. ಅದನ್ನು ಬರೆಯುವುದು ಬಿಟ್ಟಿದ್ದೀರಿ" ಎಂದಳು. ಅವಳ ಮಾತು ಸರಿಯೆಂದು ವೈದ್ಯರೂ ಹೇಳಿದರು. ಮೂರು ತಿಂಗಳಾದ ಮೇಲೊಮ್ಮೆ, ಆಮೇಲೆ ವರುಷಕ್ಕೊಮ್ಮೆಯಾದರೂ ನೋಡಿಸತಕ್ಕದ್ದೆಂದು ಇಲ್ಲಿ ಸೇರಿಸಿರುವೆವು.